ಗಣಪನ ವಾಹನದಿಂದ ನಿಮ್ಮ ವಾಹನಕ್ಕೆ ರಕ್ಷಣೆ: ನಿಂತ ಕಾರು ಮತ್ತು ಇಲಿ, ಹೆಗ್ಗಣಗಳ ಕಾಟ

ಬೆಂಗಳೂರು: ರಾತ್ರಿ ಸುಸ್ಥಿತಿಯಲ್ಲಿ ತಂದು ನಿಲ್ಲಿಸಿದ ಕಾರು ಬೆಳಿಗ್ಗೆ ಕೀಲಿ ತಿರುಗಿಸಿದರೆ ಮಿಸುಕುವುದಿಲ್ಲ. ಎಂಜಿನ್ ಚಾಲೂ ಆದರೂ ಡ್ಯಾಶ್‌ಬೋರ್ಡಿನ ಹಳದಿ, ಕೆಂಪು ದೀಪಗಳು ದೀಪಾವಳಿಯಂತೆ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದಾಗ ಕಾಣುವುದು ಕತ್ತರಿಯಿಂದ ಕತ್ತರಿಸಿದಂತಿರುವ ವೈರುಗಳು, ಬ್ಯಾಟರಿಯ ಮೇಲೆ ಕಪ್ಪು ಹಿಕ್ಕೆ, ಎಂಜಿನ್ನಿನ ಸಂದಿಯಲ್ಲಿ ಯಾರದೋ ಮನೆಯ ಚಪಾತಿಯ ಚೂರು. ಭಾದ್ರಪದದಲ್ಲಿ ಗಣಪನ ಪಾದದ ಬಳಿ ಕಡುಬು ಹಿಡಿದು ಕುಳಿತು ಪೂಜೆಗೊಳ್ಳುವ ಮೂಷಿಕ, ವರ್ಷದ ಉಳಿದ ದಿನಗಳಲ್ಲಿ ನಗರವಾಸಿಗಳ ವಾಹನಕ್ಕೆ ಒದಗಿಸುವ ಸೇವೆ ಇದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಎಂಬ ಭೇದವಿಲ್ಲದೆ ಕಾರು ಇಟ್ಟುಕೊಂಡವರಿಗೆ ಈ ಪಾಡು ಪರಿಚಿತ. 2020ರ ಮಾರ್ಚ್ 25ರಿಂದ ಜಾರಿಗೆ ಬಂದ ಲಾಕ್‌ಡೌನ್ ಕಾಲದಲ್ಲಿ ವಾರಗಟ್ಟಲೆ ನಿಂತೇ ಇದ್ದ ವಾಹನಗಳನ್ನು ಹೊರತೆಗೆದಾಗ ಈ ತೊಂದರೆ ಏಕಕಾಲಕ್ಕೆ ಅನೇಕರ ಅನುಭವಕ್ಕೆ ಬಂತು. ಆದರೆ ಇಲಿಗೆ ವಾರಗಳು ಬೇಕಿಲ್ಲ. ಒಂದೇ ರಾತ್ರಿ ಸಾಕು.

ಹಲ್ಲಿನ ಕಥೆ

ಇಲಿ ವೈರನ್ನು ತಿನ್ನುವುದಿಲ್ಲ, ಕಡಿಯುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಹುಡುಕುವ ಪರಿಹಾರಗಳು ಸಾಮಾನ್ಯವಾಗಿ ದಾರಿ ತಪ್ಪುತ್ತವೆ. ಇಲಿ, ಹೆಗ್ಗಣ, ಅಳಿಲುಗಳೆಲ್ಲ ಸೇರುವ ದಂಶಕ ವರ್ಗದ ಪ್ರಾಣಿಗಳಿಗೆ ಮೇಲೆರಡು, ಕೆಳಗೆರಡು ಬಾಚಿಹಲ್ಲುಗಳಿದ್ದು, ಅವು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಸವೆಯದೇ ಹೋದರೆ ಇಲಿಯ ಬಾಚಿಹಲ್ಲು ವರ್ಷಕ್ಕೆ 10 ಸೆಂಟಿಮೀಟರಿಗೂ ಮೀರಿ ಉದ್ದವಾಗಬಲ್ಲದು. ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಲೇಪವಿರುವುದರಿಂದ ಹಿಂಭಾಗ ಬೇಗ ಸವೆದು ತುದಿಯು ಉಳಿಯಂತೆ ಚೂಪಾಗಿಯೇ ಉಳಿಯುತ್ತದೆ. ಮರ, ಪ್ಲಾಸ್ಟಿಕ್, ರಬ್ಬರ್, ಸೀಸ, ಅಲ್ಯೂಮಿನಿಯಂ ಯಾವುದೂ ಇದಕ್ಕೆ ಅಡ್ಡಿಯಲ್ಲ. ಬೆರಳು ಗಾತ್ರದ, ಮೆತ್ತಗಿನ ಹೊದಿಕೆಯ, ಬಾಯಿಯ ಎತ್ತರದಲ್ಲೇ ಹಾದುಹೋಗುವ ವೈರು ಸಿಕ್ಕರೆ ಅದನ್ನು ಬಿಡುವ ಕಾರಣವಾದರೂ ಏನು?

ಕಾರಿನ ಎಂಜಿನ್ ಕೋಣೆ ಇಲಿಗೆ ಸಕಲ ಸೌಕರ್ಯವುಳ್ಳ ಮನೆಯೂ ಹೌದು. ಕತ್ತಲು, ಓಡಿ ಬಂದ ಎಂಜಿನ್ನಿನ ಬೆಚ್ಚನೆ, ಬೆಕ್ಕು ನಾಯಿಗಳಿಗೆ ಎಟುಕದ ಸಂದಿಗೊಂದಿಗಳು, ಬಾನೆಟ್ಟಿನ ಒಳಭಾಗಕ್ಕೆ ಅಂಟಿಸಿದ ನಾರಿನ ಹಾಸು. ಗೂಡಿಗೆ ಬೇಕಾದ ಹಾಸಿಗೆಯನ್ನೂ ಕಂಪನಿಯವರೇ ಕೊಟ್ಟಂತಾಯಿತು. ಇಲಿಗಳು ಬೇರೆಡೆ ಸಿಕ್ಕ ಆಹಾರವನ್ನು ಸುರಕ್ಷಿತ ತಾಣಕ್ಕೆ ಹೊತ್ತೊಯ್ದು ತಿನ್ನುವುದರಿಂದ ಎಂಜಿನ್ ಮೇಲೆ ಮೂಳೆ, ಬೆಳ್ಳುಳ್ಳಿ, ರೊಟ್ಟಿಯ ತುಂಡುಗಳು ಕಾಣಸಿಗುತ್ತವೆ. ಒಮ್ಮೆ ಬಂದ ಇಲಿ ದಾರಿಯುದ್ದಕ್ಕೂ ಮೂತ್ರದ ಗುರುತು ಬಿಟ್ಟು ಹೋಗುತ್ತದೆ. ಆ ವಾಸನೆ ಉಳಿದಿರುವಷ್ಟು ಕಾಲ ಮತ್ತೊಂದಕ್ಕೆ ಅದು ಆಹ್ವಾನ ಪತ್ರಿಕೆ. ವೈರು ಸರಿಪಡಿಸಿಕೊಂಡು ಬಂದ ಎರಡೇ ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಕಡಿತಕ್ಕೊಳಗಾಗುವ ಕಾರುಗಳ ರಹಸ್ಯ ಇಲ್ಲಿದೆ.

ಯಾರು ಈ ಅತಿಥಿಗಳು?

ನಮ್ಮ ನಗರಗಳಲ್ಲಿ ಕಾರಿಗೆ ಕೈ ಹಾಕುವವರು ಮುಖ್ಯವಾಗಿ ಮೂವರು. ಮನೆಯ ಮಾಡು, ಮರ, ಪೈಪುಗಳ ಮೇಲೆ ಸರಾಗವಾಗಿ ಏರುವ ಮನೆಯಿಲಿ ಮೊದಲನೆಯದು. ಟೈರು ಏರಿ, ಸಸ್ಪೆನ್ಷನ್ ಮಾರ್ಗವಾಗಿ ಎಂಜಿನ್ನಿನ ನೆತ್ತಿಗೆ ತಲಪುವುದು ಇದಕ್ಕೆ ನೀರು ಕುಡಿದಷ್ಟು ಸುಲಭ. ಎರಡನೆಯದು ಹೆಗ್ಗಣ. ಚರಂಡಿ ಬದಿಯ ಮಣ್ಣಿನಲ್ಲಿ ಬಿಲ ತೋಡುವುದರಲ್ಲಿ ನಿಸ್ಸೀಮವಾದ ಈ ಪ್ರಾಣಿ ಏರುವುದರಲ್ಲಿ ಹಿಂದೆ. ಕಾರಿನ ಕೆಳಭಾಗದ ವೈರು ಮತ್ತು ಕೊಳವೆಗಳು ಇದರ ಪಾಲು. ಇಂಗ್ಲಿಷಿನ ಬ್ಯಾಂಡಿಕೂಟ್ ಎಂಬ ಪದ ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ, ಎಂಬುದರಿಂದ ಹುಟ್ಟಿದ್ದು. ದಕ್ಷಿಣ ಭಾರತ ಇಂಗ್ಲಿಷಿಗೆ ಕೊಟ್ಟ ಕೊಡುಗೆಗಳಲ್ಲಿ ಇದೂ ಒಂದು. ಮೂರನೆಯದು ಚಿಟ್ಟಿಲಿ. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ರಂಧ್ರವಿದ್ದರೆ ಇದು ಒಳಗೆ ನುಸುಳುತ್ತದೆ. ಎಸಿಯ ಗಾಳಿ ಕೊಳವೆಯ ಮೂಲಕ ಕಾರಿನ ಒಳಾಂಗಣ ಸೇರಿ ಆಸನದ ಸ್ಪಂಜು, ಸೀಟ್ ಬೆಲ್ಟ್ ಹರಿಯುವುದು ಹೆಚ್ಚಾಗಿ ಇದೇ. ಮರದ ನೆರಳಿನಲ್ಲಿ ಕಾರು ನಿಲ್ಲಿಸುವವರು ಈ ಪಟ್ಟಿಗೆ ಅಳಿಲನ್ನೂ ಸೇರಿಸಿಕೊಳ್ಳಬಹುದು. ತೆಂಗಿನ ನಾರನ್ನು ಎಂಜಿನ್ ಮೇಲೆ ಪೇರಿಸಿಡುವುದು ಅದರ ಹವ್ಯಾಸ.

ಇವುಗಳ ನಡುವೆ ಒಂದು ನಿರಪರಾಧಿಯೂ ಇದೆ. ಚಿಂವ್ ಚಿಂವ್ ಎನ್ನುತ್ತ ಗೋಡೆಯಂಚಿನಲ್ಲಿ ಓಡುವ, ಕಮಟು ವಾಸನೆಯ, ಉದ್ದ ಮೂತಿಯ ಸೊಂಡಿಲಿ ವಾಸ್ತವವಾಗಿ ಇಲಿಯೇ ಅಲ್ಲ. ಜಿರಳೆ, ಹುಳುಗಳನ್ನು ತಿಂದು ಬದುಕುವ ಅದಕ್ಕೆ ವೈರು ಕಡಿಯುವ ಬಾಚಿಹಲ್ಲಿಲ್ಲ. ಅದನ್ನು ಹೊಡೆದು ಕೊಂದರೆ ಜಿರಳೆಗೆ ಉಪಕಾರವಾದೀತೇ ಹೊರತು ಕಾರಿಗಲ್ಲ.

ಮಳೆಗಾಲದಲ್ಲಿ ರಾಜಕಾಲುವೆ, ಮೋರಿಗಳಲ್ಲಿ ನೀರು ಏರಿ ಬಿಲಗಳು ಮುಳುಗಿದಾಗ ಅಲ್ಲಿನ ನಿವಾಸಿಗಳು ಒಣ ಜಾಗ ಅರಸಿ ಮೇಲೆ ಬರುತ್ತವೆ. ಚಳಿಗಾಲದಲ್ಲಿ ಬಿಸಿ ಎಂಜಿನ್ ಅವುಗಳನ್ನು ಸೆಳೆಯುತ್ತದೆ. ಇಲಿಯ ಗರ್ಭಾವಧಿ ಕೇವಲ ಮೂರು ವಾರಗಳ ಆಸುಪಾಸು. ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ಕಂಡ ಒಂದು ಇಲಿಯನ್ನು ನಿರ್ಲಕ್ಷಿಸುವವರು ಈ ಲೆಕ್ಕವನ್ನು ನೆನಪಿಡುವುದು ಒಳಿತು.

ಕಡಿತದ ಬೆಲೆ

ಮೂವತ್ತು ವರ್ಷದ ಹಿಂದಿನ ಕಾರಿನಲ್ಲಿ ಇಲಿ ಕಡಿದರೆ ಹಾರ್ನ್ ಅಥವಾ ದೀಪ ಕೆಡುತ್ತಿತ್ತು, ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಟೇಪು ಸುತ್ತಿ ಕಳುಹಿಸುತ್ತಿದ್ದ. ಈಗಿನ ಕಾರು ಚಕ್ರದ ಮೇಲಿನ ಕಂಪ್ಯೂಟರ್. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದು ಹೊಗೆ ನಿಯಂತ್ರಣದ ಸೆನ್ಸರುಗಳು ಹೆಚ್ಚಿದವು. ಪ್ರತಿಯೊಂದು ಸೆನ್ಸರಿಗೂ ಒಂದು ಸಪೂರ ವೈರು. ಅದು ತುಂಡಾದರೆ ಎಂಜಿನ್ ನಿಯಂತ್ರಿಸುವ ಗಣಕಕ್ಕೆ ಮಾಹಿತಿ ಹೋಗುವುದಿಲ್ಲ. ಕಾರು ಶಕ್ತಿ ಕುಗ್ಗಿಸಿಕೊಂಡು ತೆವಳುತ್ತದೆ, ಇಲ್ಲವೇ ನಿಲ್ಲುತ್ತದೆ. ಒಂದೆರಡು ವೈರುಗಳ ಜೋಡಣೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದು. ಇಡೀ ವೈರಿಂಗ್ ಕಟ್ಟನ್ನೇ ಬದಲಿಸಬೇಕಾಗಿ ಬಂದರೆ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ.

ಹಣದ ಮಾತು ಒಂದು ಕಡೆಗಿರಲಿ. ಪೆಟ್ರೋಲ್ ಹರಿಯುವ ರಬ್ಬರ್ ಕೊಳವೆಗೆ ಬಿದ್ದ ಹಲ್ಲಿನ ಗುರುತು ಕಾರಿಗೆ ಬೆಂಕಿ ತಗುಲಲು ಸಾಕು. ಸಿಪ್ಪೆ ಸುಲಿದ ಎರಡು ವೈರುಗಳು ಪರಸ್ಪರ ತಾಗಿದರೂ ಅದೇ ಗತಿ. ಚಕ್ರದ ಬಳಿಯ ಸೆನ್ಸರ್ ವೈರು ಕಡಿತಗೊಂಡರೆ ಎಬಿಎಸ್ ಕೆಲಸ ನಿಲ್ಲಿಸುತ್ತದೆ. ಸಾಮಾನ್ಯ ಬ್ರೇಕ್ ಉಳಿದರೂ, ಮಳೆಯಲ್ಲಿ ಜಾರುವ ರಸ್ತೆಯ ಮೇಲೆ ತುರ್ತಾಗಿ ತುಳಿದಾಗ ಚಕ್ರ ಸಿಕ್ಕಿಬೀಳದಂತೆ ಕಾಯುವ ವ್ಯವಸ್ಥೆ ಇರುವುದಿಲ್ಲ. ಬೆಳಿಗ್ಗೆ ಕಾಣಿಸಿದ ಎಚ್ಚರಿಕೆಯ ದೀಪವನ್ನು ಸಂಜೆ ನೋಡಿದರಾಯಿತು ಎಂದು ಮುಂದೂಡಬಾರದು ಎನ್ನುವುದು ಇದಕ್ಕಾಗಿಯೇ. ವಿದ್ಯುತ್ ಕಾರಿನ ಮಾಲೀಕರಿಗೆ ಇನ್ನೊಂದು ಮಾತು: ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್‌ಗಳಲ್ಲಿ ಪ್ರಾಣಾಪಾಯ ತರಬಲ್ಲ ಅಧಿಕ ವೋಲ್ಟೇಜ್ ಇರುತ್ತದೆ. ಅವುಗಳ ಮೇಲೆ ಹಲ್ಲಿನ ಗುರುತು ಕಂಡರೆ ಮುಟ್ಟದೆ, ಕಾರನ್ನು ಚಾಲನೆ ಮಾಡದೆ, ತರಬೇತಿ ಪಡೆದ ತಂತ್ರಜ್ಞರನ್ನೇ ಕರೆಸಬೇಕು.

ಸೋಯಾ ಎಂಬ ವಾದ

ಹೊಸ ಕಾರುಗಳ ವೈರಿಗೆ ಸೋಯಾ ಅವರೆಯಿಂದ ತಯಾರಿಸಿದ ಹೊದಿಕೆ ಬಳಸುವುದರಿಂದಲೇ ಇಲಿಗಳು ಮುಗಿಬೀಳುತ್ತಿವೆ ಎಂಬ ಮಾತು ಜನಜನಿತವಾಗಿದೆ. ಇದರ ಮೂಲ ಅಮೆರಿಕದಲ್ಲಿದೆ. ಇಂಥ ಹೊದಿಕೆ ಇಲಿಗಳನ್ನು ಆಕರ್ಷಿಸುತ್ತದೆ ಎಂದು ದೂರಿ ಅಲ್ಲಿನ ಗ್ರಾಹಕರು 2016ರಲ್ಲಿ ಹೊಂಡಾ ಮತ್ತು ಟೊಯೋಟಾ ಕಂಪನಿಗಳ ವಿರುದ್ಧ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲೇರಿದ್ದರು. ತಯಾರಕರು ಆರೋಪವನ್ನು ಒಪ್ಪಲಿಲ್ಲ. ಸೋಯಾ ಬಳಕೆಗೆ ಬರುವ ಬಹಳ ಹಿಂದೆಯೇ, ಅಪ್ಪಟ ಪಿವಿಸಿ ಹೊದಿಕೆಯ ವೈರುಗಳನ್ನೂ ಇಲಿಗಳು ಕಡಿಯುತ್ತಿದ್ದವು ಎಂಬುದು ಈ ವಾದಕ್ಕೆ ಎದುರಾಗಿ ನಿಲ್ಲುವ ಸತ್ಯ. ಮನೆಯ ದೂರವಾಣಿ ತಂತಿ, ನೀರಿನ ಪಂಪಿನ ಕೇಬಲ್ಲು ಇಲಿಗೆ ಆಹುತಿಯಾದುದನ್ನು ಕಂಡ ಹಳಬರು ಇದನ್ನು ಸುಲಭವಾಗಿ ಒಪ್ಪಿಯಾರು.

ಈ ಕಾಟ ನಮಗೆ ಮಾತ್ರ ಎಂದು ಬೇಸರಿಸಬೇಕಿಲ್ಲ. ಜರ್ಮನಿಯಲ್ಲಿ ಮಾರ್ಟೆನ್ ಎಂಬ ಮುಂಗುಸಿಯಾಕಾರದ ಪ್ರಾಣಿ ಕಾರಿನ ವೈರು ಕಡಿದ ಸುಮಾರು ಎರಡು ಲಕ್ಷ ವಿಮಾ ಪ್ರಕರಣಗಳು ವರ್ಷವೊಂದರಲ್ಲಿ ದಾಖಲಾಗುತ್ತವೆ. ಅಮೆರಿಕದ ಸಿಕೋಯಾ ರಾಷ್ಟ್ರೀಯ ಉದ್ಯಾನದ ಮಿನರಲ್ ಕಿಂಗ್ ಕಣಿವೆಯಲ್ಲಿ ಮಾರ್ಮಟ್ ಎಂಬ ದೊಡ್ಡ ದಂಶಕಗಳು ರೇಡಿಯೇಟರ್ ಕೊಳವೆ ಕಡಿಯುವುದರಿಂದ ಪ್ರವಾಸಿಗರು ಇಡೀ ಕಾರಿನ ತಳಕ್ಕೆ ಟಾರ್ಪಾಲು ಸುತ್ತಿ ನಿಲ್ಲಿಸುತ್ತಾರೆ.

ಮೊದಲು ಜಾಗ, ಆಮೇಲೆ ಕಾರು

ಇಲಿ ಬರುವುದು ಕಾರಿಗಾಗಿ ಅಲ್ಲ, ಕಾರಿನ ಸುತ್ತ ಇರುವ ಅನ್ನಕ್ಕಾಗಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪಾರ್ಕಿಂಗಿಗೆ ಅಂಟಿಕೊಂಡೇ ಕಸದ ಡಬ್ಬಗಳನ್ನು ಸಾಲಾಗಿ ಇಟ್ಟಿರುವ ಕಟ್ಟಡಗಳು ನಮ್ಮಲ್ಲಿ ಎಷ್ಟಿಲ್ಲ? ರಾತ್ರಿ ಹೊರಗಿಟ್ಟ ಹಸಿ ಕಸ ಬೆಳಿಗ್ಗೆ ಪೌರಕಾರ್ಮಿಕರು ಬರುವವರೆಗೆ ಇಲಿಗಳಿಗೆ ಬಯಲೂಟ. ಬೀದಿ ನಾಯಿಗೆ ಹಾಕಿ ಉಳಿದ ಅನ್ನ, ಪಾರಿವಾಳಕ್ಕೆ ಚೆಲ್ಲಿದ ಕಾಳು, ಕಾವಲುಗಾರರ ಕೋಣೆಯ ಮೂಲೆಯಲ್ಲಿ ಎಸೆದ ಊಟದ ಪೊಟ್ಟಣ ಎಲ್ಲವೂ ಇದರಲ್ಲಿ ಪಾಲುದಾರ. ಹಸಿ ಕಸವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಸಾಧ್ಯವಾದರೆ ಬೆಳಿಗ್ಗೆಯೇ ಹೊರತರುವ ವ್ಯವಸ್ಥೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಆಶ್ರಯ ತಪ್ಪಿಸುವುದು. ಪಾರ್ಕಿಂಗ್ ಮೂಲೆಯಲ್ಲಿ ಪೇರಿಸಿದ ಹಳೆಯ ಟೈರು, ರಟ್ಟಿನ ಪೆಟ್ಟಿಗೆ, ಮುರಿದ ಸೋಫಾ, ಒಣ ತೆಂಗಿನ ಗರಿಗಳು ಹೋಗಬೇಕು. ಗೋಡೆಯ ಬುಡದ ಬಿಲಗಳನ್ನು ಬರಿಯ ಮಣ್ಣಿನಿಂದ ಮುಚ್ಚಿದರೆ ಅದೇ ರಾತ್ರಿ ತೆರೆದುಕೊಳ್ಳುತ್ತವೆ. ಗಾಜಿನ ಚೂರು ಅಥವಾ ಜಲ್ಲಿ ಬೆರೆಸಿದ ಸಿಮೆಂಟು ಬೇಕು. ಚರಂಡಿಯ ಬಾಯಿಗೆ, ಗಾಳಿಕಿಂಡಿಗಳಿಗೆ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣಿನ ಲೋಹದ ಜಾಲರಿ ಹೊಂದಿಸಬೇಕು. ಕಸ ಉಳಿದು ಇಲಿ ಮಾತ್ರ ಸತ್ತರೆ, ಖಾಲಿಯಾದ ಜಾಗಕ್ಕೆ ಪಕ್ಕದ ಕಟ್ಟಡದ ಇಲಿಗಳು ಕೆಲವೇ ವಾರಗಳಲ್ಲಿ ಬಂದು ಸೇರುತ್ತವೆ. ಆದ್ದರಿಂದ ಒಬ್ಬ ನಿವಾಸಿ ತನ್ನ ಕಾರಿಗೆ ಮಾತ್ರ ಸಾವಿರಾರು ರೂಪಾಯಿಯ ಔಷಧ ಹೊಡೆಸಿಕೊಳ್ಳುವುದಕ್ಕಿಂತ, ನಿವಾಸಿಗಳ ಸಂಘದ ಸಭೆಯಲ್ಲಿ ಕಸದ ಕೋಣೆಯ ವಿಷಯ ಎತ್ತುವುದು ಲಾಭಕರ. ಸಭೆಯಲ್ಲಿ ಜಗಳವಾದೀತು, ಆಗಲಿ.

ನಿಲ್ಲಿಸುವಾಗಲೂ ಒಂದು ಸೂಕ್ಷ್ಮವಿದೆ. ಇಲಿಗಳು ಬಯಲು ದಾಟಲು ಅಂಜುತ್ತವೆ, ಮೀಸೆ ತಾಗುವಂತೆ ಗೋಡೆಯಂಚಿನಲ್ಲೇ ಓಡಾಡುತ್ತವೆ. ಗೋಡೆ, ಪೊದೆ, ಹೂಕುಂಡಗಳಿಂದ ಮೂರು ನಾಲ್ಕು ಅಡಿಯಾದರೂ ದೂರ, ಬೆಳಕು ಬೀಳುವಲ್ಲಿ ನಿಲ್ಲಿಸಿದ ಕಾರಿಗೆ ಅಪಾಯ ಕಡಿಮೆ. ನೆಲದವರೆಗೆ ಇಳಿಬಿದ್ದ ಕಾರು ಹೊದಿಕೆ ಬಿಸಿಲು ದೂಳಿನಿಂದ ರಕ್ಷಿಸೀತು, ಆದರೆ ಇಲಿಗೆ ಕತ್ತಲ ಗುಡಾರ ಕಟ್ಟಿಕೊಟ್ಟಂತೆಯೂ ಆಗುತ್ತದೆ. ಸ್ವಂತ ಕಾಂಪೌಂಡಿನೊಳಗೆ, ಕಳ್ಳರ ಭಯವಿಲ್ಲದ ಕಡೆ ರಾತ್ರಿ ಬಾನೆಟ್ ತೆರೆದಿಡುವ ರೂಢಿ ಕೆಲವರಲ್ಲಿದೆ. ತಂಪು ಮತ್ತು ಬೆಳಕಿನಿಂದ ಅದು ಗೂಡಿಗೆ ಅಯೋಗ್ಯವಾಗುವುದು ನಿಜ. ಬಾನೆಟ್ಟಿನೊಳಗೆ ದೀಪ ಹೊತ್ತುವ ಕಾರಾದರೆ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳಬೇಕು.

ಎರಡು ಮೂರು ದಿನಕ್ಕೊಮ್ಮೆ ಕಾರನ್ನು ಓಡಿಸುವುದು ಅತ್ಯಂತ ಅಗ್ಗದ ಉಪಾಯ. ಅಲುಗಾಡುವ, ಸದ್ದು ಮಾಡುವ ಜಾಗದಲ್ಲಿ ಯಾವ ಇಲಿಯೂ ಮರಿ ಹಾಕಲು ಇಚ್ಛಿಸುವುದಿಲ್ಲ, ಬ್ಯಾಟರಿಗೂ ಒಳ್ಳೆಯದು. ಕಾರಿನೊಳಗೆ ಬಿಸ್ಕತ್ತು, ಕಡಲೆಕಾಯಿ, ಮಗುವಿನ ಆಸನದಡಿ ಉದುರಿದ ಕುರುಕಲು ತಿಂಡಿ ಉಳಿಯದಂತೆ ಗುಡಿಸಬೇಕು. ಎಸಿಯನ್ನು ಒಳಗಾಳಿ ಸುತ್ತುವ ಸ್ಥಿತಿಯಲ್ಲಿಟ್ಟು ಎಂಜಿನ್ ಆರಿಸಿದರೆ ಹೊರಗಾಳಿಯ ಬಾಗಿಲು ಮುಚ್ಚಿಕೊಂಡು ಒಳಾಂಗಣದ ಒಂದು ದಾರಿ ಬಂದ್ ಆಗುತ್ತದೆ. ಇದನ್ನು ಬಲ್ಲವರು ವಿರಳ.

ತಡೆಗೋಡೆಗಳ ಪೈಕಿ ಭರವಸೆಗೆ ಅರ್ಹವಾದುದು ಲೋಹದ ಜಾಲರಿಯೇ. ಎಸಿಯ ಗಾಳಿ ಒಳಬರುವ ಕಿಂಡಿ, ಏರ್ ಫಿಲ್ಟರಿನ ಬಾಯಿಗೆ ತುಕ್ಕು ಹಿಡಿಯದ ಜಾಲರಿ ಅಳವಡಿಸುವ ಬಿಡಿಭಾಗದ ಅಂಗಡಿಗಳು ಎಲ್ಲ ಊರುಗಳಲ್ಲಿವೆ. ರೇಡಿಯೇಟರಿಗೆ ಗಾಳಿ ತಡೆಯಾಗದಂತೆ, ತಿರುಗುವ ಬೆಲ್ಟು, ಫ್ಯಾನುಗಳಿಗೆ ತಾಗದಂತೆ ಕೂರಿಸುವುದು ಮುಖ್ಯ. ಬಯಲಿಗೆ ಕಾಣುವ ವೈರುಗಳಿಗೆ ಸುಕ್ಕು ಪೈಪಿನ ಕವಚ ತೊಡಿಸಬಹುದು. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಸವರಿದ ಟೇಪನ್ನು ಹೊಂಡಾ ಕಂಪನಿಯೇ ಅಮೆರಿಕದಲ್ಲಿ ತನ್ನ ಬಿಡಿಭಾಗವಾಗಿ ಮಾರಿದೆ. ಸಸ್ತನಿಗಳಿಗೆ ಖಾರ ತಗುಲುವುದರಿಂದ ಒಮ್ಮೆ ಕಚ್ಚಿದ ಇಲಿ ಅಲ್ಲಿಗೇ ನಿಲ್ಲಿಸುತ್ತದೆ ಎಂಬುದು ಲೆಕ್ಕಾಚಾರ.

ಹೊಗೆಸೊಪ್ಪಿನಿಂದ ಅಲ್ಟ್ರಾಸಾನಿಕ್‌ವರೆಗೆ

ಮನೆಮದ್ದಿನ ಪಟ್ಟಿ ಉದ್ದವಿದೆ. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಎಂಜಿನ್ ಬಳಿ ತೂಗುಹಾಕುವುದು ಟ್ಯಾಕ್ಸಿ ಚಾಲಕರು ಬಹುಕಾಲದಿಂದ ನಂಬಿದ ವಿಧಾನ. ಪುದೀನ ತೈಲ, ಫಿನೈಲು, ಕಾಳುಮೆಣಸಿನ ಪುಡಿಗಳಿಗೂ ಭಕ್ತರಿದ್ದಾರೆ. ಎಲ್ಲದರ ದೌರ್ಬಲ್ಯ ಒಂದೇ. ಎಂಜಿನ್ನಿನ ಬಿಸಿಗೆ ವಾಸನೆ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಬದಲಿಸುತ್ತಲೇ ಇರುವ ತಾಳ್ಮೆಯುಳ್ಳವರಿಗೆ ಮಾತ್ರ ಫಲ. ಇಲಿಗೆ ಹೊಸ ವಸ್ತುವೆಂದರೆ ಸಂಶಯ. ಹಾಗಾಗಿ ಏನನ್ನು ಇಟ್ಟರೂ ಮೊದಲ ಕೆಲವು ದಿನ ದೂರ ಉಳಿಯುತ್ತದೆ, ಇಟ್ಟವರಿಗೆ ಮದ್ದು ಫಲಿಸಿತೆಂಬ ಭ್ರಮೆ ಮೂಡುತ್ತದೆ.

ನಿರುಪಯುಕ್ತವಾದುದು ಬೇರೆ, ಅಪಾಯಕಾರಿಯಾದುದು ಬೇರೆ. ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್ ಉಂಡೆಗಳನ್ನು ಬಾನೆಟ್ಟಿನೊಳಗೆ ಇಡುವವರು ಆ ಆವಿ ಎಸಿಯ ಮೂಲಕ ತಮ್ಮದೇ ಶ್ವಾಸಕೋಶ ಸೇರುತ್ತದೆಂಬುದನ್ನು ಮರೆಯುತ್ತಾರೆ. ಮಕ್ಕಳಿಗೆ, ಅದರಲ್ಲೂ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಅದು ರಕ್ತಕಣಗಳನ್ನು ನಾಶಪಡಿಸುವ ವಿಷ. ಕರ್ಪೂರ ಹೊತ್ತಿ ಉರಿಯುವ ಪದಾರ್ಥ ಎಂಬುದನ್ನು ಮಂಗಳಾರತಿ ಕಂಡ ಯಾರಿಗೂ ಹೇಳಬೇಕಿಲ್ಲ. ಬಿಸಿ ಎಂಜಿನ್ ಬಳಿ ಅದಕ್ಕೆ ಏನು ಕೆಲಸ? ಸೀಮೆಎಣ್ಣೆ, ಡೀಸೆಲ್ ಸವರುವುದಂತೂ ಬೆಂಕಿಗೆ ಆಹ್ವಾನ, ಜೊತೆಗೆ ರಬ್ಬರ್ ಕೊಳವೆಗಳು ಊದಿ ಹಾಳಾಗುತ್ತವೆ.

ಮನುಷ್ಯನ ಕಿವಿಗೆ ಕೇಳದ ಶಬ್ದ ಹೊರಡಿಸಿ ಇಲಿ ಓಡಿಸುತ್ತೇವೆನ್ನುವ ಅಲ್ಟ್ರಾಸಾನಿಕ್ ಯಂತ್ರಗಳು ಆನ್‌ಲೈನ್ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಈ ಶಬ್ದ ಅಡ್ಡ ಬಂದ ವಸ್ತುವನ್ನು ದಾಟುವುದಿಲ್ಲ, ಎಂಜಿನ್ನಿನ ಹಿಂದೆ ನೆರಳಿನಂತೆ ನಿಶ್ಶಬ್ದ ಮೂಲೆಗಳು ಉಳಿಯುತ್ತವೆ. ಮೇಲಾಗಿ ಇಲಿಗಳು ಕೆಲವೇ ದಿನಗಳಲ್ಲಿ ಸದ್ದಿಗೆ ಒಗ್ಗಿಕೊಳ್ಳುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ, ವೈಜ್ಞಾನಿಕ ಆಧಾರವಿಲ್ಲದೆ ಇಂಥ ಭರವಸೆ ನೀಡಬಾರದೆಂದು ಎಚ್ಚರಿಕೆಯ ಪತ್ರ ಬರೆದಿತ್ತು. ಕಾಲು ಶತಮಾನ ಕಳೆದರೂ ಯಂತ್ರ ಮಾರಾಟವಾಗುತ್ತಲೇ ಇದೆ.

ಬೆಕ್ಕು ಸಾಕಿದರಾಯಿತಲ್ಲ ಎನ್ನುವವರಿಗೆ ನ್ಯೂಯಾರ್ಕಿನಿಂದ ನಿರಾಶೆಯ ಸುದ್ದಿಯಿದೆ. ಅಲ್ಲಿನ ಬ್ರೂಕ್ಲಿನ್‌ನ ತ್ಯಾಜ್ಯ ಮರುಬಳಕೆ ಘಟಕವೊಂದರಲ್ಲಿ ಕ್ಯಾಮೆರಾ ಇಟ್ಟು 79 ದಿನ ನಡೆಸಿದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಷ್ಟೂ ದಿನಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಬೆಕ್ಕು ಇದ್ದಾಗ ಇಲಿಗಳು ಹೊರಬರುವುದು ಕಡಿಮೆಯಾಯಿತು, ಅಷ್ಟೆ. ಬೆಳೆದ ಹೆಗ್ಗಣ ಎದುರಾದರೆ ಬೆಕ್ಕೇ ದಾರಿ ಬಿಡುವುದನ್ನು ನಮ್ಮ ಬೀದಿಗಳಲ್ಲೂ ಕಾಣಬಹುದು.

ವಿಷ ಯಾರಿಗೆ?

ಇಲಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ವಿಷ ಪಾಷಾಣಗಳು ಅದನ್ನು ಕೊಲ್ಲುವುದು ಈ ಕಾರಣದಿಂದ. ಆದರೆ ಕೊಲ್ಲುವುದು ಅದೊಂದನ್ನೇ ಅಲ್ಲ. ಬ್ರೊಮಾಡಿಯೋಲೋನ್ ತರಹದ ಔಷಧಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಇಲಿಯನ್ನು ಸಾಯಿಸುತ್ತವೆ. ಆ ದಿನಗಳಲ್ಲಿ ನಿಧಾನಗೊಂಡ ಇಲಿಯನ್ನು ಹಿಡಿದು ತಿಂದ ಕಣಜ ಗೂಬೆ, ಹದ್ದು, ಬೆಕ್ಕುಗಳಿಗೂ ವಿಷ ದಾಟುತ್ತದೆ. ಪುಕ್ಕಟೆಯಾಗಿ ಇಲಿ ಹಿಡಿಯುವ ನೌಕರರನ್ನೇ ಕೊಂದಂತೆ. ಇದಕ್ಕೆ ವಿಟಮಿನ್ ಕೆ1 ಎಂಬ ಪ್ರತ್ಯೌಷಧವಾದರೂ ಇದೆ. ಝಿಂಕ್ ಫಾಸ್ಫೈಡ್ ಮತ್ತು ಹಳದಿ ರಂಜಕದ ಪೇಸ್ಟುಗಳಿಗೆ ಅದೂ ಇಲ್ಲ. ಟೂತ್‌ಪೇಸ್ಟಿನಂತೆಯೇ ಟ್ಯೂಬಿನಲ್ಲಿ ಬರುವ ಇಲಿ ಪಾಷಾಣದಿಂದ ಅರಿಯದೆ ಹಲ್ಲುಜ್ಜಿ ಪ್ರಾಣ ಕಳೆದುಕೊಂಡ ಘಟನೆಗಳು ರಾಜ್ಯದಲ್ಲೂ ವರದಿಯಾಗಿವೆ. ಒಂದು ವೈರು ಉಳಿಸಲು ಹೋಗಿ ಪಾರ್ಕಿಂಗಿನಲ್ಲಿ ಆಡುವ ಮಕ್ಕಳ ಕೈಗೆಟುಕುವಂತೆ ಪಾಷಾಣ ಚೆಲ್ಲುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಕಾರಿನೊಳಗಂತೂ ವಿಷ ಇಡಲೇಬಾರದು. ತಿಂದ ಇಲಿ ಅಲ್ಲಿಯೇ, ಎಸಿಯ ಬ್ಲೋವರಿನೊಳಗೆ ಸತ್ತರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಿಸಬೇಕಾದೀತು. ಆ ವಾಸನೆ ಅನುಭವಿಸಿದವರು ವೈರು ಕಡಿದಿದ್ದರೇ ವಾಸಿಯಿತ್ತು ಎನ್ನುತ್ತಾರೆ. ಅಂಟು ಬಲೆಗಳಲ್ಲಿ ಸಿಕ್ಕ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಅವುಗಳ ವಿರುದ್ಧ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಸಲಹೆ ನೀಡಿದೆ. ಉಳಿಯುವುದು ಅಜ್ಜನ ಕಾಲದ ಇಲಿಬೋನು. ಅದನ್ನು ಗೋಡೆಗೆ ತಾಗಿಸಿ, ಇಲಿ ಓಡಾಡುವ ಜಾಡಿನಲ್ಲೇ ಇಡಬೇಕು. ಮೊದಲ ಎರಡು ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ಬರಿದೇ ಕೊಬ್ಬರಿ ಚೂರು, ಬೋಂಡಾ ತಿನ್ನಿಸಿ ನಂಬಿಕೆ ಹುಟ್ಟಿಸಬೇಕು, ಆಮೇಲೆ ಬಾಗಿಲು ಸಿದ್ಧಗೊಳಿಸಬೇಕು. ಮೊದಲ ದಿನವೇ ಬೋನು ಹೂಡಿ ಇಲಿ ಬೀಳಲಿಲ್ಲವೆಂದು ಅಟ್ಟಕ್ಕೆ ಎಸೆಯುವವರೇ ಹೆಚ್ಚು. ಬೋನನ್ನು ಬರಿಗೈಯಲ್ಲಿ ಮುಟ್ಟಬಾರದು.

ಕಡಿದ ಮೇಲೆ

ಹಲ್ಲಿನ ಗುರುತು ಕಂಡರೆ ಅಥವಾ ಪೆಟ್ರೋಲಿನ ವಾಸನೆ ಬಂದರೆ ಮತ್ತೆ ಮತ್ತೆ ಕೀಲಿ ತಿರುಗಿಸಿ ನೋಡುವ ಚಪಲ ಬೇಡ. ಸಾಧ್ಯವಾದರೆ ಬ್ಯಾಟರಿಯ ಋಣ ತುದಿಯ ಸಂಪರ್ಕ ಕಳಚಬೇಕು. ಕಡಿದ ವೈರು, ಹಿಕ್ಕೆ, ಗೂಡು ಎಲ್ಲದರ ಚಿತ್ರವನ್ನು ಯಾವುದನ್ನೂ ಅಲುಗಿಸುವ ಮೊದಲೇ ತೆಗೆದಿಡಬೇಕು. ಇದು ಮುಂದೆ ವಿಮೆಗೆ ಬೇಕಾಗುತ್ತದೆ.

ಶುಚಿಗೊಳಿಸುವುದು ಕಾರಿನಷ್ಟೇ ಕಾರಿನವರ ಆರೋಗ್ಯದ ಪ್ರಶ್ನೆ. ಇಲಿಯ ಮೂತ್ರದ ಮೂಲಕ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಕರಾವಳಿ ಮತ್ತು ಮಲೆನಾಡಿಗೆ ಹೊಸದಲ್ಲ. ಕೈಯ ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಸೂಕ್ಷ್ಮಾಣು ದೇಹ ಸೇರುತ್ತದೆ. ಒಣ ಹಿಕ್ಕೆಯನ್ನು ಗುಡಿಸಿ ದೂಳೆಬ್ಬಿಸದೆ, ಕೈಗವಸು, ಮುಖಗವಸು ಧರಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ, ಐದು ನಿಮಿಷ ಬಿಟ್ಟು ಒರೆಸಬೇಕು. ವೈರುಗಳ ಕೂಡುಸ್ಥಾನಕ್ಕೆ ದ್ರಾವಣ ಸುರಿಯಬಾರದು. ರಭಸದ ನೀರಿನಿಂದ ಎಂಜಿನ್ ತೊಳೆಸುವುದೂ ತರವಲ್ಲ. ಎಸಿ ಫಿಲ್ಟರನ್ನು ಬದಲಿಸಲೇಬೇಕು. ಆನಂತರದ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಇಲಿ ಸಂಪರ್ಕದ ವಿಚಾರ ತಿಳಿಸಬೇಕು.

ವಿಮೆಯ ಲೆಕ್ಕ

ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಚಿಕ್ಕಾಸೂ ಸಿಗುವುದಿಲ್ಲ. ತಯಾರಕರ ವಾರಂಟಿಯೂ ಸಾಮಾನ್ಯವಾಗಿ ಪ್ರಾಣಿಗಳಿಂದಾದ ಹಾನಿಯನ್ನು ಹೊರಗಿಡುತ್ತದೆ. ಸಮಗ್ರ ವಿಮೆಯಲ್ಲಿ ಬಾಹ್ಯ ಕಾರಣದ ಆಕಸ್ಮಿಕ ಹಾನಿಗೆ ಪರಿಹಾರವಿದ್ದು, ಇಲಿ ಕಡಿತವನ್ನು ಕಂಪನಿಗಳು ಸಾಮಾನ್ಯವಾಗಿ ಇದರಡಿ ಪರಿಗಣಿಸುತ್ತವೆ. ತೊಡಕಿರುವುದು ಇಲ್ಲಿ: ಯಾಂತ್ರಿಕ ಅಥವಾ ವಿದ್ಯುತ್ ದೋಷ, ಸವೆತ ಮತ್ತು ಆನುಷಂಗಿಕ ಹಾನಿಗೆ ವಿಮೆ ಅನ್ವಯಿಸುವುದಿಲ್ಲ. ಗ್ಯಾರೇಜಿನ ವರದಿಯಲ್ಲಿ ವೈರಿಂಗ್ ದೋಷ ಎಂದಷ್ಟೇ ಬರೆದಿದ್ದರೆ ಅರ್ಜಿ ಬಿದ್ದುಹೋಗಬಹುದು. ಇಲಿ ಕಡಿತ ಎಂದು ಸ್ಪಷ್ಟವಾಗಿ ನಮೂದಿಸಬೇಕು, ದುರಸ್ತಿಗೆ ಮುನ್ನವೇ ಕಂಪನಿಗೆ ತಿಳಿಸಿ ಸರ್ವೇಯರ್ ಪರಿಶೀಲನೆ ಆಗಬೇಕು. ಕಡಿದದ್ದು ತಿಳಿದೂ ಓಡಿಸಿ ಎಂಜಿನ್ ಕೆಡಿಸಿಕೊಂಡರೆ ಅದು ಆನುಷಂಗಿಕ ಹಾನಿಯ ಖಾತೆಗೆ ಹೋಗುತ್ತದೆ.

ಸಿಗುವ ಹಣದಲ್ಲೂ ಕಡಿತಗಳಿವೆ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ಮೇಲ್ಪಟ್ಟದ್ದಕ್ಕೆ 2,000 ರೂಪಾಯಿ ಮಾಲೀಕರೇ ಭರಿಸಬೇಕು. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಸವಕಳಿರಹಿತ ಹೆಚ್ಚುವರಿ ರಕ್ಷಣೆ ಪಡೆದವರಿಗೆ ಈ ಬಾಧೆಯಿಲ್ಲ. ಇನ್ನು ಕ್ಲೇಮು ಮಾಡದ ವರ್ಷಗಳಿಗೆ ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುವ ನೋ ಕ್ಲೇಮ್ ಬೋನಸ್ ಒಂದೇ ಅರ್ಜಿಗೆ ಕೈತಪ್ಪುತ್ತದೆ. ಉದಾಹರಣೆಗೆ, ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿ ಇದ್ದು ಶೇ. 50 ರಿಯಾಯಿತಿ ಪಡೆಯುತ್ತಿರುವವರು 4,000 ರೂಪಾಯಿಯ ದುರಸ್ತಿಗೆ ಕ್ಲೇಮು ಹಾಕಿದರೆ, ಬರುವುದು ಹೆಚ್ಚೆಂದರೆ 3,000 ರೂಪಾಯಿ. ಮುಂದಿನ ನವೀಕರಣದಲ್ಲಿ ಹೋಗುವುದು 5,000 ರೂಪಾಯಿ. ಸಣ್ಣ ಕಡಿತಕ್ಕೆ ಕಿಸೆಯಿಂದ ಕೊಡುವುದೇ ಲೇಸು, ಇಡೀ ವೈರಿಂಗ್ ಹೋದಾಗ ಮಾತ್ರ ವಿಮೆಯ ಬಾಗಿಲು ತಟ್ಟಬೇಕು.

ಅರ್ಜಿ ಅನ್ಯಾಯವಾಗಿ ತಿರಸ್ಕೃತವಾಯಿತು ಎನಿಸಿದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು. ರಾಜ್ಯದವರಿಗೆ ಇದರ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.